ನೀರಿಗೆ ಚೆಲ್ಲಿದ ಚರಗ

ಸಜ್ಜೆ ರೊಟ್ಟಿಗೆ ಒತ್ತಿದ ಎಳ್ಳು ಹಂಚಿನ ಮೇಲೆ ಚಟಪಟ ಸಿಡಿದು ಅಡುಗೆಮನೆಯೆಲ್ಲ ಘಮ್ಮೆನ್ನುತ್ತಿದ್ದಾಗ ತಮ್ಮನ ಫೋನ್ ಬಂತು.

"ಅಕ್ಕಾ, ಅವ್ವ ಇಲ್ಲದ ಮೊದಲನೇ ಎಳ್ಳ ಅಮಾಸಿ ಇದು. ಕೆರಿಗೆ ಈಗ ಬೇಲಿ ಹಾಕ್ಯಾರ, ಕಾವಲಿನಾಂವ ಅದಾನ. ಮನ್ಯಾಗ ಉಣ್ಣೂಣು. ಬಿಟ್ಟಬಿಡು."

ಬಿಟ್ಟುಬಿಡು ಎಂದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. "ನೀ ಬರ್ತಿಯೋ ಇಲ್ಲೋ, ಅಷ್ಟ ಹೇಳು" ಎಂದು ರೊಟ್ಟಿ ತಿರುವಿಹಾಕಿದೆ.

ನಿಮಗೆ ಗೊತ್ತಿರಬಹುದು, ಈ ದಿನ ನಮ್ಮ ಕಡೆ ಹೊಲವಿದ್ದವರು ಬುತ್ತಿ ಕಟ್ಟಿಕೊಂಡು ಹೋಗಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಭೂಮಿತಾಯಿಗೆಂದು ಬೆಳೆಯ ಮೇಲೆ ಚೆಲ್ಲುತ್ತಾರೆ. ಅದೇ ಚರಗ. ನಮಗೆ ಹೊಲ ಎಲ್ಲಿಯದು? ಅಪ್ಪ ಸರ್ಕಾರಿ ಕಚೇರಿಯ ಗುಮಾಸ್ತ. ಹಳೇ ಹುಬ್ಬಳ್ಳಿಯ ಓಣಿಯ ಮನೆಯಲ್ಲಿ ಒಂದು ಮೆಣಸಿನ ಗಿಡಕ್ಕೂ ಜಾಗವಿರಲಿಲ್ಲ. ಆದರೂ ಅವ್ವ ಬುತ್ತಿ ಕಟ್ಟುವುದನ್ನು ಒಂದು ವರ್ಷವೂ ತಪ್ಪಿಸಲಿಲ್ಲ. ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಕರ್ಚಿಕಾಯಿ. ನಾವು ನಾಲ್ವರೂ ಬಸ್ಸು ಹಿಡಿದು ಊರಾಚೆಯ ಕೆರೆಗೆ ಹೋಗುತ್ತಿದ್ದೆವು. ಅದಕ್ಕೊಂದು ಹೆಸರಿದೆ, ಆದರೆ ನಮ್ಮ ಮನೆಯಲ್ಲಿ ಕೆರೆ ಎಂದರೆ ಅದೊಂದೇ.

ಅಪ್ಪ ದಂಡೆಯ ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಳ್ಳುತ್ತಿದ್ದ. ತಮ್ಮ ಚಪ್ಪಟೆ ಕಲ್ಲು ಹುಡುಕಿ ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯುತ್ತಿದ್ದ. ಅವ್ವ ಸೆರಗು ಸೊಂಟಕ್ಕೆ ಸಿಗಿಸಿ ಮೊಣಕಾಲುದ್ದ ನೀರಿಗಿಳಿದು, ಹೊಲದಲ್ಲಿ ಕೂಗುವಂತೆಯೇ "ಹುಲ್ಲುಲ್ಲಿಗೋ" ಎಂದು ಗಂಟಲು ಬಿಚ್ಚಿ ಕೂಗಿ, ಚರಗವನ್ನು ನೀರಿಗೆ ಚೆಲ್ಲುತ್ತಿದ್ದಳು. ಕರ್ಚಿಕಾಯಿ ತಿಂದ ಮೀನುಗಳು ಬೇರೆ ಯಾವ ಊರಲ್ಲಿವೆಯೋ ನಾನರಿಯೆ.

ಏಳು-ಎಂಟನೇ ಇಯತ್ತೆ ಓದುತ್ತಿದ್ದ ನನಗೆ ಇದೆಲ್ಲ ಭಾರಿ ನಾಚಿಕೆ. ಗೆಳತಿಯರು ಯಾರಾದರೂ ನೋಡಿದರೆ? ಹಾಗಾಗಿ ಒಂದಿಷ್ಟು ದೂರದಲ್ಲಿ ಊಟಕ್ಕೆ ಕುಳಿತಿದ್ದ ಬೇರೆ ಯಾರದೋ ಸಂಸಾರದ ಪಕ್ಕ, ಅವರ ಮಗಳೇ ಅನ್ನುವಂತೆ ಹೋಗಿ ಕುಳಿತುಬಿಡುತ್ತಿದ್ದೆ. ಅವರು "ಯಾರ ಪೈಕಿ ಅದಿಯವಾ ನೀ?" ಎಂದು ಕೇಳುವತನಕ ನನ್ನ ಡೌಲು ನಡೆಯುತ್ತಿತ್ತು.

ಹಾಗೆ ಕುಳಿತಿದ್ದಾಗಲೇ ಒಂದು ವರ್ಷ ಆ ಮಾತು ಕೇಳಿದ್ದು. ಕೆರೆಯ ಕೆಳಗಿನ ಹೊಲದ ಒಡತಿ ಬುಟ್ಟಿ ಹೊತ್ತು ದಂಡೆಯ ಮೇಲೆ ಹೊರಟಿದ್ದವಳು, ಅವ್ವನನ್ನು ನೋಡಿ ನಿಂತು ನಕ್ಕಳು.

"ಚರಗಾ ಹೊಲಾ ಇದ್ದವ್ರು ಚೆಲ್ಲೂದವಾ. ನೀರಿಗೆ ಚೆಲ್ಲೂದು ಎಲ್ಲಿ ಪದ್ಧತಿ? ನಮ್ಮ ಹೊಲಕ್ಕ ಬಾ, ಉಳದದ್ದು ಕೊಡ್ತೇನಿ."

ಅವ್ವ ನೀರಿನಿಂದ ಮೇಲೆ ಬರಲೇ ಇಲ್ಲ. "ನಿಮ್ಮ ಹೊಲಕ್ಕ ನೀರ ಕೊಟ್ಟಾಕಿನ್ನ ಉಣಸಾಕತ್ತೇನ್ರಿ. ಮೊದಲ ಆಕಿ ಉಣ್ಣಲಿ" ಎಂದು ಇನ್ನೊಂದು ಹಿಡಿ ಚೆಲ್ಲಿದಳು.

ಮರಳುವ ಬಸ್ಸಿನಲ್ಲಿ, ನಾನು ಕೇಳದೆಯೇ ಹೇಳಿದಳು: "ನಮ್ಮಪ್ಪ ಮಂದಿ ಹೊಲದಾಗ ದುಡದಾಂವ. ಈ ದಿನ ನಾವು ಬದುವಿನ ಮ್ಯಾಲೆ ಕುಂತು, ಅವ್ರು ಉಂಡು ಉಳದದ್ದು ಕರದು ಹಾಕೂತನಕ ಕಾಯ್ತಿದ್ವಿ. ನನ್ನ ಮಕ್ಕಳು ಯಾರ ಬದುವಿನ ಮ್ಯಾಲೂ ಹಂಗ ಕುಂದ್ರಬಾರದು."

ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತೆ. ಅವ್ವನ ಮೇಲಲ್ಲ, ನನ್ನ ಮೇಲೇ ಸಿಟ್ಟು ಬಂದಿತ್ತು. ಮುಂದಿನ ವರ್ಷದಿಂದ ಚರಗದ ಪಾತ್ರೆ ಹಿಡಿಯುವ ಕೆಲಸ ನನ್ನದಾಯಿತು.

ಅಪ್ಪ ಅವ್ವನಿಗಿಂತ ಮೊದಲೇ ತೀರಿಹೋಗಿದ್ದ. ಇವತ್ತು ತಮ್ಮ ಗೊಣಗುತ್ತಲೇ ಬಂದ, ಬುತ್ತಿಯ ಗಂಟನ್ನೂ ಅವನೇ ಹಿಡಿದ. ಗೇಟಿನಲ್ಲಿ ಕಾವಲುಗಾರ "ಒಳಗ ಊಟ ಒಯ್ಯಂಗಿಲ್ರಿ" ಎಂದ. ಆಗಲಿ ಎಂದು ಬೇಲಿ ಇನ್ನೂ ಮುಟ್ಟದ ಕೋಡಿಯ ಕಡೆಗೆ ಸುತ್ತಿ ಹೋದೆವು. ಸೀರೆ ಎತ್ತಿಕಟ್ಟಿ ನೀರಿಗಿಳಿದೆ. ನನ್ನ ಕೂಗಿಗೆ ಅವ್ವನ ಕಂಠವಿಲ್ಲ, ಒಡಕು ಮಡಕೆಯ ದನಿ. ಕೂಗಿದೆ. ಕೊನೆಯ ಹಿಡಿ ಚೆಲ್ಲುವ ಹೊತ್ತಿಗೆ ಕಾವಲುಗಾರ ಸೀಟಿ ಊದುತ್ತಾ ಓಡಿಬಂದ.

"ಯಾರ ಅಪ್ಪಣಿ ತಗೊಂಡೀರಿ?"

"ಯಾರದೂ ಇಲ್ಲ. ಅಪ್ಪಣಿ ಕೇಳೂದನ್ನ ನಮ್ಮವ್ವನ ಕಾಲಕ್ಕ ಬಿಟ್ಟೇವ್ರಿ."

ಅವನು ಕಿಸೆಯಿಂದ ಡೈರಿ ತೆಗೆದ. "ಹೆಸರು ಹೇಳ್ರಿ. ಸಾಹೇಬ್ರಿಗೆ ಕೊಡಬೇಕು."

ನೀರಿನಲ್ಲೇ ನಿಂತು ನನ್ನ ಹೆಸರು ಹೇಳಿದೆ, ಮುಂದೆ ಅವ್ವನ ಹೆಸರನ್ನೂ ಸೇರಿಸಿದೆ. "ಮುಂದಿನ ವರ್ಷದ ಅಮಾಸಿಗೂ ಈಗ ಬರಕೊಂಬಿಡ್ರಿ, ಮತ್ತ ಓಡಿ ಬರೂದು ತಪ್ಪತೈತಿ."

ಅವನ ಪೆನ್ನು ಅಲ್ಲೇ ನಿಂತಿತು. ದಂಡೆಯ ಮೇಲಿದ್ದ ತಮ್ಮ ಬುತ್ತಿಯ ಗಂಟನ್ನು ಕೆಳಗಿಟ್ಟು, ಪ್ಯಾಂಟು ಮಡಚಿ, ನೀರಿಗೆ ಇಳಿದು ನನ್ನ ಪಕ್ಕ ಬಂದು ನಿಂತ.

"ನನ್ನ ಹೆಸರೂ ಬರಕೋರಿ" ಎಂದ.