ಕಮಲಾಪುರದ ಬೇವಿನ ಮರಕ್ಕೆ ಗೂಬೆ ಪೆಟ್ಟಿಗೆ

ಮರದ ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ನಾನೂ ಗೆಳತಿ ಸವಿತಾಳೂ ಬೆಳಗಿನ ಬಸ್ಸಿಗೆ ಕಲಬುರಗಿ ಬಿಟ್ಟೆವು. ಹೆಂಗಸರಿಗೆ ಪ್ರಯಾಣ ಪುಕ್ಕಟೆ. ಪೆಟ್ಟಿಗೆಗೆ ಮಾತ್ರ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದ.

"ಒಳಗ ಏನದರೀ?"

"ಖಾಲಿ ಅದರಿ. ಹಕ್ಕಿ ಗೂಡಿಗೆ," ಎಂದಳು ಸವಿತಾ. ಯಾವ ಹಕ್ಕಿಯೆಂದು ಅವನು ಕೇಳಲಿಲ್ಲ, ಬದುಕಿದೆವು. ಗೂಬೆ ಎಂದಿದ್ದರೆ ಊರಂಚಿನ ಕಪನೂರಿನಲ್ಲೇ ಇಳಿಸುತ್ತಿದ್ದನೇನೋ.

ಹಕ್ಕಿಗಳಿಗೆ ಗೂಡು ಮಾಡಿಕೊಡುವ ಗುಂಪು ನಮ್ಮದು. ಅಲ್ಲಿಯವರೆಗೆ ಗುಬ್ಬಿ, ಮೈನಾಗಳಿಗಷ್ಟೇ ಮಾಡಿದ್ದೆವು. ಇಲಿಗಳ ಕಾಟಕ್ಕೆ ಸೋತ ಕಮಲಾಪುರದ ರೈತ ಶರಣಪ್ಪ ಗೂಬೆ ಪೆಟ್ಟಿಗೆಯೇ ಬೇಕೆಂದಿದ್ದ. ಗೂಬೆಯ ಕೂಗು ಕೇಳಿದರೆ ಈಗಲೂ ನನ್ನ ಎದೆ ಡವಗುಟ್ಟುತ್ತದೆ. ಗುಂಪಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಒಂದು ತಾಸಿನ ದಾರಿ. ಇಳಿದು ಕೆಂಪು ಬಾಳೆಹಣ್ಣು ತಿಂದು, ಸುಡುವ ಬಿಸಿಲಲ್ಲಿ ಹೊಲದ ಮನೆಗೆ ನಡೆದೆವು. ಶರಣಪ್ಪ ದಾರಿಯಲ್ಲೇ ತಡೆದು ದನಿ ತಗ್ಗಿಸಿದ. "ಅಕ್ಕಾರ, ಮನ್ಯಾಗ ಮೈನಾ ಪೆಟ್ಟಿಗಿ ಅಂತ ಹೇಳೀನ್ರಿ. ನೀವೂ ಹಂಗ ಅನ್ರಿ." ಮನಸ್ಸಿಲ್ಲದೆ ತಲೆಯಾಡಿಸಿದೆ.

ಅವನ ತಾಯಿ ಸಂತೆಗೆ ಹೋಗಿದ್ದರು. ಅಂಗಳದ ಬೇವಿಗೆ ಏಣಿ ಹಚ್ಚಿ ನಾನು ಹತ್ತಿದೆ. ಶರಣಪ್ಪ ತಂತಿ ತರಲು ಒಳಗೆ ಹೋದಾಗ ಅವನ ಹೆಂಡತಿ ಮಹಾದೇವಿ ಹೊರಬಂದಳು. ತುಂಬು ಬಸುರಿ. ಪೆಟ್ಟಿಗೆಯನ್ನೇ ನೋಡಿದಳು.

"ಮೈನಾ ಹಕ್ಕಿಗೆ ಇಷ್ಟು ದೊಡ್ಡ ತೂತು ಯಾಕ್ರಿ ಅಕ್ಕಾರ?"

ಬಸುರಿಗೆ ಸುಳ್ಳು ಹೇಳಲಾಗಲಿಲ್ಲ. "ಗೂಗಿಗೆ ಅವ್ವಾ," ಎಂದೆ. "ನಿನಗ ಅಂಜಿಕಿ ಆದ್ರ ಈಗಲೇ ಒಯ್ತೇವಿ."

"ಬ್ಯಾಡ್ರಿ!" ಎಂದು ಬಾಗಿಲ ಕಡೆ ನೋಡಿ, ಪಿಸುಗುಟ್ಟಿದಳು: "ನನ್ನ ಮೊದಲ ಕೂಸು ಉಳೀಲಿಲ್ರಿ. ಆಗ ಮಾಳಗಿ ಮ್ಯಾಲ ಗೂಗಿ ಕೂಗಿತ್ತು. ಅದರಿಂದನ ಹೋತು ಅಂದ್ರು ಅತ್ತಿ. ಗೂಗಿ ಇರಲಿಲ್ಲಂದ್ರ ಕೂಸಿನ್ನ ನಾನ ತಿಂದೆ ಅಂತಿದ್ರು. ಈ ಸಲಾನೂ ಅದು ಇರಲಿ, ಕಟ್ರಿ."

ಸವಿತಾ ಏಣಿಯನ್ನು ಬಿಗಿಯಾಗಿ ಹಿಡಿದಳು. ಅಷ್ಟರಲ್ಲಿ ಶರಣಪ್ಪ ತಂತಿ ತಂದ. ನನಗೆ ಗೂಬೆಯ ಅಂಜಿಕೆ ಮರೆತೇಹೋಯಿತು; ಈಗ ಹೆದರಿಕೆ ಅವಳ ಹೆರಿಗೆಯದು. ಪೆಟ್ಟಿಗೆಯನ್ನು ಕೊಂಬೆಗಿಟ್ಟು ತಂತಿ ಬಿಗಿದೆ.

ಮಹಾದೇವಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಹೊರಟಾಗ ಗೇಟಿನವರೆಗೆ ಬಂದು, ಗಂಡನಿಗೆ ಕೇಳಿಸದಂತೆ ನನ್ನ ಕೈ ಹಿಡಿದಳು.

"ಹೆರಿಗಿಗಿಂತ ಮೊದಲ ಬರ್ತದಲ್ರಿ ಅದು?"