ರಕ್ತ ಮುಟ್ಟಿದ ಕೈ

“ರಜಾದಾಗ ಏನು ಮಾಡ್ತೀಯವ್ವಾ?” ನನ್ನ ಮೊಮ್ಮಗಳನ್ನು ಹೆಣ್ಣು ನೋಡಲು ಮಾನ್ವಿಯಿಂದ ರಾಯಚೂರಿಗೆ ಬಂದಿದ್ದ ಹುಡುಗನ ತಾಯಿ ಕೇಳಿದಳು. ಹೊಲಿಗೆ ಕಲಿಯುತ್ತೇನೆ ಅನ್ನು ಎಂದು ನನ್ನ ಸೊಸೆ ಮಗಳಿಗೆ ಮೊದಲೇ ಹೇಳಿಕೊಟ್ಟಿದ್ದಳು. ಬಿಎಸ್ಸಿ ಓದುವ ಹುಡುಗಿ ನಿಜವನ್ನೇ ಹೇಳಿಬಿಟ್ಟಳು: “ಹೈದರಾಬಾದಿನ ಲ್ಯಾಬಿಗೆ ಆರಿಸ್ಯಾರ್ರಿ. ಸಕ್ಕರಿ ಕಾಯಿಲೆಗೆ ಔಷಧ ಹುಡುಕಾಕತ್ತಾರ. ಎರಡು ತಿಂಗಳು ಇಲಿ ರಕ್ತ ಪರೀಕ್ಷೆ ಮಾಡೋದು ಕಲಿತೀನಿ.”

ಸಕ್ಕರೆ ಹಾಕದ ಚಹಾ ಕೇಳಿ ಮಾಡಿಸಿಕೊಂಡಿದ್ದ ಆ ತಾಯಿ ಕಪ್ಪು ಕೆಳಗಿಟ್ಟಳು. “ರಕ್ತ ಮುಟ್ಟಿದ ಕೈಲೆ ನಮ್ಮ ಮನ್ಯಾಗ ಅಡಗಿ ಮಾಡ್ತಾಳೇನ್ರಿ? ಅದನ್ನ ಬಿಟ್ರ ಮುಂದಿನ ಮಾತು.”

ಬಿಡಿಸೋಣ ಬಿಡ್ರಿ ಎಂದು ನನ್ನ ಮಗ ಗೋಣು ಹಾಕತೊಡಗಿದ. ಹುಡುಗಿಯ ಮುಖ ಸಣ್ಣದಾಯಿತು. ನಾಲ್ಕನೇ ಕ್ಲಾಸು ಓದಿದ ನನಗೆ ಲ್ಯಾಬು ಗೊತ್ತಿಲ್ಲ, ಹೆರಿಗೆ ಗೊತ್ತು. “ನಿನ್ನ ಮಗ ಹುಟ್ಟಿದಾಗ ಸೂಲಗಿತ್ತಿ ಕೈಗೆ ಗಂಧ ಹತ್ತಿತ್ತೇನವ್ವಾ?” ಅಂದೆ. ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಎದ್ದಳು. ಚಹಾ ಹಾಗೇ ಉಳಿಯಿತು, ಸಂಬಂಧ ಅಲ್ಲಿಗೇ ಮುಗಿಯಿತು.

ಮಗ ಇನ್ನೂ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಮೊಮ್ಮಗಳು ಹೈದರಾಬಾದಿನಲ್ಲಿದ್ದಾಳೆ. ಔಷಧ ಸಿಕ್ಕರೆ ಮೊದಲ ಬಾಟ್ಲಿ ಮಾನ್ವಿಯ ಆ ತಾಯಿಗೇ ಕಳಿಸುತ್ತೇನೆ. ಯಾರ ಕೈ ಮುಟ್ಟಿದ್ದು ಅಂತ ಆಕೆ ಕೇಳುವುದಿಲ್ಲ, ಕುಡಿಯುತ್ತಾಳೆ.