ಸರದಿ ಗೊತ್ತಾದ ಮೇಲೆ

ನಮ್ಮೂರು ಉಡಿಗಾಲದಲ್ಲಿ ನಮ್ಮ ಹೊಲದ ಸಾಲಿನವರಿಗೆಲ್ಲ ಒಂದೇ ಟ್ರಾನ್ಸ್‌ಫಾರ್ಮರ್. ಬೋರ್‌ವೆಲ್ ಮೋಟಾರ್ ಓಡಿಸುವ ತ್ರೀಫೇಸ್ ಕರೆಂಟು ಯಾವಾಗ ಬರುತ್ತದೆಂದು ಮೊದಲೆಲ್ಲ ಯಾರಿಗೂ ತಿಳಿಯುತ್ತಿರಲಿಲ್ಲ. ಕಂಡವರು ಓಡಿಹೋಗಿ ಹಾಕುತ್ತಿದ್ದರು, ಕಾಣದವರು ಬೈದುಕೊಂಡು ಆಮೇಲೆ ಬರುತ್ತಿದ್ದರು. ಹೇಗೋ ಎಲ್ಲರ ಹೊಲವೂ ನೆನೆಯುತ್ತಿತ್ತು.

ಆಮೇಲೆ ವಾಟ್ಸಾಪ್ ಗ್ರೂಪ್ ಬಂತು. ಕರೆಂಟ್ ಬಂತು ಎಂದು ಒಬ್ಬ ಹಾಕಿದರೆ ಸಾಕು, ಟೀ ಅಂಗಡಿಯಲ್ಲಿ ಕೂತವನೂ, ಗುಂಡ್ಲುಪೇಟೆ ಮಂಡಿಯಲ್ಲಿ ಈರುಳ್ಳಿ ಇಳಿಸುತ್ತಿದ್ದವನೂ ಸ್ಟಾರ್ಟರಿಗೆ ಸಿಮ್ ಹಾಕಿಸಿಕೊಂಡು ಫೋನಿನಿಂದಲೇ ಮೋಟಾರ್ ಎಬ್ಬಿಸುತ್ತಿದ್ದರು. ಎಲ್ಲ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರ್ ಎಷ್ಟು ತಡೆದೀತು? ಸುಟ್ಟುಹೋಯಿತು. ಹೊಸದು ಬರುವವರೆಗೆ ಎಲ್ಲರೂ ಬಹಳ ಒಳ್ಳೆಯವರಾಗಿದ್ದರು. ಒಂದು ದಿನ ಅರ್ಧ ಜನ, ಮಾರನೆಯ ದಿನ ಉಳಿದರ್ಧ ಎಂದು ಸರದಿ ಮಾಡಿಕೊಂಡೆವು. ಸರದಿಯನ್ನೂ ಗ್ರೂಪಿಗೆ ಹಾಕಿದರು.

ಅಲ್ಲೇ ಎಡವಟ್ಟಾಯಿತು. ಇವತ್ತು ಯಾರ್‍ಯಾರು ಮೋಟಾರ್ ಹಾಕುವುದಿಲ್ಲ ಎಂಬುದು ಈಗ ಎಲ್ಲರಿಗೂ ಗೊತ್ತು.

"ಅರ್ಧ ಮೋಟ್ರು ನಿಂತವೆ ಕಣ್ಲಾ, ನಂದೊಂದು ಓಡುದ್ರೆ ಏನಾಗ್ಬುಟ್ಟದು?" ಎಂದ ಪಕ್ಕದ ಹೊಲದವನು, ರಜೆಗೆ ಊರಿಗೆ ಬಂದಿದ್ದ ನನ್ನೆದುರಿಗೇ. ಪ್ರತಿಯೊಬ್ಬನೂ ಇದನ್ನೇ ಅಂದುಕೊಂಡಿದ್ದ. ದಡ್ಡರೇನಲ್ಲ, ಒಬ್ಬೊಬ್ಬನ ಲೆಕ್ಕವೂ ಸರಿಯೇ. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಭಯ. ಎಲ್ಲ ತಿಳಿದೇ ಮಾಡುವ ಇವರಿಗೆ ಇನ್ನೇನು ತಿಳಿಸಿ ಹೇಳುವುದು?

ಸರದಿ ತಪ್ಪದವಳು ನಮ್ಮಕ್ಕ ಒಬ್ಬಳೇ. ಭಾವ ಹೋದ ಮೇಲೆ ಅರಿಶಿನದ ಹೊಲವೇ ಅವಳ ಬದುಕು. ಅವಳದು ಹಳೇ ಫೋನು, ಅದರಲ್ಲಿ ಗ್ರೂಪಿಲ್ಲ. ನಾನು ಕೆಲಸ ಮಾಡುವ ಚಾಮರಾಜನಗರದ ಆಫೀಸಿನಿಂದ, ಗ್ರೂಪ್ ನೋಡಿ, ನಾನೇ ದಿನಾ ಫೋನ್ ಮಾಡುತ್ತಿದ್ದೆ: ಇವತ್ತು ನಿನ್ನದು, ಇವತ್ತು ನಿನ್ನದಲ್ಲ. ಅಲ್ಲ ಎಂದ ದಿನ ಅವಳು ಸ್ಟಾರ್ಟರ್ ಮುಟ್ಟುತ್ತಿರಲಿಲ್ಲ. ಹೌದು ಎಂದ ದಿನ ಒತ್ತಿದರೆ ಮೋಟಾರ್ ಗೊಂಯ್ ಎಂದು ನಿಂತುಬಿಡುತ್ತಿತ್ತು. ಎಲ್ಲರದೂ ಓಡುತ್ತಿದ್ದರೆ ವೋಲ್ಟೇಜ್ ಎಲ್ಲಿಂದ ಬರಬೇಕು? ಗಡ್ಡೆ ಕಟ್ಟುವ ಹೊತ್ತಿಗೆ ನೀರಿಲ್ಲದೆ ಎಲೆ ಸುರುಟಿಕೊಂಡವು.

ಹೋದ ವಾರ ಊರಿಗೆ ಹೋದಾಗ ಒಂದು ಬುಡ ಕಿತ್ತು ತೋರಿಸಿದಳು. ಗಡ್ಡೆ ನನ್ನ ಕಿರುಬೆರಳಿನಷ್ಟೂ ಇರಲಿಲ್ಲ. ಫೋಟೋ ತೆಗೆದು ಗ್ರೂಪಿಗೆ ಹಾಕುತ್ತೇನೆ, ಎಲ್ಲರಿಗೂ ಗೊತ್ತಾಗಲಿ ಎಂದೆ.

"ಅವ್ರಿಗೆ ಗೊತ್ತಿಲ್ದೆ ಏನು?" ಎಂದಳು ಅಕ್ಕ. "ಇನ್ಮೇಲೆ ಯಾರ ಸರದಿ ಅಂತ ನಂಗೆ ಯೋಳ್ಬ್ಯಾಡ ಕಣಪ್ಪ. ಕರೆಂಟು ಬಂದ್ರೆ ಬಂತು ಅನ್ನು, ಸಾಕು."

ಮಾರನೆಯ ದಿನ ಅವಳ ಸರದಿಯಲ್ಲ. ಕರೆಂಟು ಬಂತು. ಫೋನ್ ಮಾಡಿ, ಬಂತು ಎಂದೆ.